ಶಿವಾಜಿನಗರದ ದೀಪವೈದ್ಯರು

ಬೆಂಗಳೂರಿನ ಹಳಬರ ಮಾತಿನಲ್ಲಿ ಊರು ಇಂದಿಗೂ ಎರಡು: ಒಂದು ಪೇಟೆ, ಇನ್ನೊಂದು ದಂಡು. ಕೆಂಪೇಗೌಡನ ಕೋಟೆಯ ಆಶ್ರಯದಲ್ಲಿ ಬೆಳೆದದ್ದು ಪೇಟೆ. ಶ್ರೀರಂಗಪಟ್ಟಣದ ಹವೆ ಒಗ್ಗದೆ ಇಂಗ್ಲಿಷರ ಸೈನ್ಯವು 1809ರಲ್ಲಿ ಹಲಸೂರಿನ ಬಯಲಿಗೆ ಬಂದು ಬೀಡುಬಿಟ್ಟಾಗ ಹುಟ್ಟಿದ್ದು ದಂಡು. 1864ರಲ್ಲಿ ಜೋಲಾರ್‌ಪೇಟೆಯ ಕಡೆಯಿಂದ ರೈಲುಮಾರ್ಗ ಬಂದು ಮುಟ್ಟಿದ್ದು ದಂಡಿನ ನಿಲ್ದಾಣವನ್ನೇ. ಎರಡು ಊರುಗಳ ಪುರಸಭೆಗಳು ಒಂದಾದದ್ದು 1949ರಲ್ಲಿ. ಕಾಗದದ ಮೇಲಿನ ಗೋಡೆ ಬಿದ್ದುಹೋದರೂ ಎರಡು ಊರುಗಳ ಗುಣ ಮಾತ್ರ ಬೇರೆ ಬೇರೆಯಾಗಿಯೇ ಉಳಿದಿದೆ. ಮೋಟಾರು ಕಾರನ್ನು ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಹೊಸ ಬಿಡಿಭಾಗ ಬೇಕಾದವರು ಪೇಟೆಯ ಮಗ್ಗುಲಿನ ಜೆ.ಸಿ. ರಸ್ತೆಗೆ ಹೋಗುತ್ತಾರೆ, ಹಳೆಯದು ಬೇಕಾದವರು, ಅಥವಾ ಹಳೆಯದನ್ನೇ ಬದುಕಿಸಬೇಕೆನ್ನುವವರು, ದಂಡಿನ ಶಿವಾಜಿನಗರಕ್ಕೆ ಬರುತ್ತಾರೆ.

ಇಂಗ್ಲಿಷರ ಕಾಲದಲ್ಲಿ ಬ್ಲ್ಯಾಕ್‌ಪಲ್ಲಿ ಎಂದು ಕರೆಸಿಕೊಳ್ಳುತ್ತಿದ್ದ ಈ ಭಾಗಕ್ಕೆ ಮೊದಲ ಸಲ ಬಂದವರು ತಬ್ಬಿಬ್ಬಾಗುವುದು ಸಹಜ. ಒಂದೆಡೆ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಕೆಂಪು ಕಮಾನುಗಳು, ಅದರೊಳಗೆ ಹೂವಿನ ರಾಶಿ, ಹಣ್ಣಿನ ರಾಶಿ. ಇನ್ನೊಂದೆಡೆ ಸಂತ ಮೇರಿಯಮ್ಮನವರ ಬೆಸಿಲಿಕ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಸೀರೆಯುಟ್ಟ ಭಕ್ತೆಯರು ಕಾಲ್ನಡಿಗೆಯಲ್ಲಿ ಬರುವುದನ್ನು ಆ ಬೀದಿಯವರು ಮತಭೇದವಿಲ್ಲದೆ ನಿಂತು ನೋಡುತ್ತಾರೆ. ನಡುನಡುವೆ ಮಸೀದಿಗಳು, ಗಲ್ಲಿಯೊಳಗೆ ಗಲ್ಲಿ, ಬಸ್ಸು ನಿಲ್ದಾಣದ ಗದ್ದಲ. ಒಂದೇ ಅಂಗಡಿಯಲ್ಲಿ ದಖನಿ, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಕೇಳಿಬರುತ್ತವೆ. ಯಾವ ವ್ಯಾಕರಣಕಾರನೂ ಬಿಡಿಸಲಾರದ ಆ ವಾಕ್ಯವು ಕೇಳಿದವನಿಗೆ ಮಾತ್ರ ಸರಿಯಾಗಿ ಅರ್ಥವಾಗುತ್ತದೆ.

ಈ ಗಲ್ಲಿಗಳಲ್ಲಿ ಮೋಟಾರು ಗುಜರಿಯದೊಂದು ಪ್ರಪಂಚವಿದೆ. ಇತರ ಊರುಗಳಲ್ಲಿ ಕಾರು ಸತ್ತರೆ ಕಬ್ಬಿಣವಾಗುತ್ತದೆ; ಇಲ್ಲಿ ಅದು ಬಾಗಿಲು, ಕನ್ನಡಿ, ಗೇರುಪೆಟ್ಟಿಗೆ, ಸ್ಟಿಯರಿಂಗ್ ಚಕ್ರ, ಹಾರನ್ನು ಎಂದು ಅಂಗಾಂಗಗಳಾಗಿ ಬೇರೆಯಾಗಿ, ಮತ್ತೊಂದು ಕಾರಿನ ದೇಹ ಸೇರಲು ಕಾದು ಕುಳಿತಿರುತ್ತದೆ. ಬಾಗಿಲುಗಳನ್ನು ಪುಸ್ತಕಗಳಂತೆ ಒಂದರ ಪಕ್ಕಕ್ಕೊಂದು ನಿಲ್ಲಿಸಿರುತ್ತಾರೆ. ಒಂದು ಮೂಲೆಯಲ್ಲಿ ಮೀಟರುಗಳ ಗುಡ್ಡೆ. ಚಾಲಕನ ಎದುರಿಗೆ ವೇಗ, ಪೆಟ್ರೋಲು, ನೀರಿನ ಕಾವು ಮುಂತಾದುವನ್ನು ತೋರಿಸುವ ಆ ಫಲಕಕ್ಕೆ ಪುಸ್ತಕದ ಹೆಸರು ಏನೇ ಇರಲಿ, ಬೀದಿಯ ಹೆಸರು ‘ಮೀಟರು’ ಎಂದೇ. ಅಂಬಾಸಿಡರಿನದು, ಫಿಯೆಟ್ಟಿನದು, ಮಾರುತಿ 800ರದು, ನಿನ್ನೆ ಮೊನ್ನೆ ಅಪಘಾತದಲ್ಲಿ ಮುರಿದ ಹೊಸ ಕಾರಿನದು, ಎಲ್ಲವೂ ಒಂದೇ ಗುಡ್ಡೆಯಲ್ಲಿ ಸೊನ್ನೆಯ ಮೇಲೆ ಮುಳ್ಳನ್ನಿಟ್ಟುಕೊಂಡು ಮಲಗಿರುತ್ತವೆ.

ಗುಜರಿಯ ಅಕ್ಕಪಕ್ಕದಲ್ಲಿಯೇ ಮೋಟಾರು ಎಲೆಕ್ಟ್ರಿಶಿಯನ್ನರ ಮಳಿಗೆಗಳು. ಮಳಿಗೆಯೆಂದರೆ ಒಂದು ಬಾಗಿಲು, ಒಂದು ಬೆಂಚು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಬಣ್ಣಬಣ್ಣದ ತಂತಿಗಳ ಸುರುಳಿ, ಬೆಸುಗೆ ಹಾಕುವ ಕಡ್ಡಿ. ಉಳಿದ ಕೆಲಸವೆಲ್ಲ ರಸ್ತೆಯಲ್ಲಿಯೇ. ಇಲ್ಲಿ ಗುರುವಿಗೆ ‘ಉಸ್ತಾದ್’ ಎಂದು ಹೆಸರು. ಆತನ ಮುಖ್ಯ ಆಯುಧದ ಬೆಲೆ ಕೇಳಿದರೆ ಓದುಗರು ನಗಬಹುದು: ಹನ್ನೆರಡು ವೋಲ್ಟಿನ ಒಂದು ಪುಟ್ಟ ಬಲ್ಬು, ಅದಕ್ಕೆ ಎರಡು ತಂತಿ, ಒಂದರ ತುದಿಗೆ ಕಚ್ಚುವ ಕ್ಲಿಪ್ಪು, ಇನ್ನೊಂದರ ತುದಿಗೆ ಸೂಜಿ. ಇದೇ ಟೆಸ್ಟ್ ಲ್ಯಾಂಪು. ವೈದ್ಯನಿಗೆ ನಾಡಿ ಹೇಗೋ ಉಸ್ತಾದನಿಗೆ ಈ ಬಲ್ಬಿನ ಬೆಳಕು ಹಾಗೆ. ಅದು ಉರಿಯುತ್ತದೆಯೇ ಇಲ್ಲವೇ ಎಂಬುದಷ್ಟೇ ಅಲ್ಲ, ಎಷ್ಟು ಮಂಕಾಗಿ ಉರಿಯುತ್ತದೆ ಎಂಬುದನ್ನು ನೋಡಿಯೇ ಆತ ರೋಗ ಎಲ್ಲಿದೆಯೆಂದು ಹೇಳಬಲ್ಲ.

ರೋಗಗಳಲ್ಲೆಲ್ಲ ಗಿರಾಕಿಗಳು ಅತಿ ಹಗುರವೆಂದು ಎಣಿಸುವುದು ಮೀಟರಿನ ದೀಪ ಆರಿದ್ದನ್ನು. ಹಳೆಯ ಕಾರುಗಳಲ್ಲಿ ಈ ದೀಪ ಎರಡು ವ್ಯಾಟ್ಟಿನ ಆಸುಪಾಸಿನದು. ಮುಂದಿನ ದೊಡ್ಡ ದೀಪದ ಇಪ್ಪತ್ತೈದರಲ್ಲೊಂದು ಪಾಲೂ ಇಲ್ಲ. ಹಗಲಿನಲ್ಲಿ ಅದರ ಅಗತ್ಯವಿಲ್ಲ. ರಾತ್ರಿಯಲ್ಲಿಯೂ ವೇಗದ ಮುಳ್ಳನ್ನು ನೋಡದೆ ಓಡಿಸುವವರಿಗೇನು ಬರವೇ? ಆದ್ದರಿಂದ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅದು ಹಾಗೆಯೇ ಇರುತ್ತದೆ. ಎಂದಾದರೊಂದು ದಿನ ಬೇರೆ ಕೆಲಸಕ್ಕೆ ಶಿವಾಜಿನಗರಕ್ಕೆ ಬಂದಾಗ ‘ಇದನ್ನೂ ಮುಗಿಸಿಬಿಡೋಣ’ ಎಂದು ಮಳಿಗೆಯ ಮುಂದೆ ಕಾರು ನಿಲ್ಲಿಸುತ್ತಾರೆ.

ಅಂಥ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಬಹುದು. ಕಾರು ಇಪ್ಪತ್ತು ವರ್ಷದ್ದು. ಯಜಮಾನರು ಕೃಷ್ಣರಾಜಪುರದವರು. ಹಿಂದಿನ ಸೀಟಿನಲ್ಲಿ ಅವರ ಪತ್ನಿ, ಮಕ್ಕಳು, ರಸೆಲ್ ಮಾರುಕಟ್ಟೆಯ ಹಣ್ಣಿನ ಚೀಲ.

“ಭಾಯ್, ಮೀಟರಿನ ದೀಪ ಹೋಗಿದೆ. ಒಂದು ಬಲ್ಬು ಹಾಕಿಕೊಡಿ, ಬೇಗ ಹೋಗಬೇಕು.”

“ಹಾಕೋಣ ಸಾರ್. ಒಂದ್ನಿಮಿಷ ಪಾರ್ಕಿಂಗ್ ಲೈಟ್ ಹಾಕಿ,” ಎಂದ ಉಸ್ತಾದ್, ಚಾಲಕನ ಬಾಗಿಲ ಬಳಿಗೆ ಬರುವ ಬದಲು ಕಾರಿನ ಹಿಂದಕ್ಕೆ ನಡೆಯುತ್ತಾನೆ. ಅಲ್ಲಿಂದಲೇ ಅವನ ಮಾತು ಕೇಳಿಸುತ್ತದೆ: “ಸಾರ್, ಹಿಂದೆ ಎರಡೂ ಇಲ್ಲ. ನಂಬರ್ ಪ್ಲೇಟಿನದೂ ಇಲ್ಲ. ಎಷ್ಟು ದಿನ ಆಯ್ತು?”

“ಮೀಟರಿನದು ಹೋಗಿ ಹತ್ತು ದಿನವಾಗಿರಬೇಕು. ಹಿಂದಿನದನ್ನು ನೋಡಲಿಲ್ಲ.”

“ಹಂಗಾದ್ರೆ ಹಿಂದಿನದೂ ಹತ್ತು ದಿನಾನೇ ಸಾರ್.”

“ರೀ, ಹೋದ ಶನಿವಾರ ಕೋಲಾರದಿಂದ ರಾತ್ರಿ ಬಂದೆವಲ್ಲ!” ಎಂದು ಹಿಂದಿನ ಸೀಟಿನಿಂದ ಧ್ವನಿ. ಯಜಮಾನರಿಗೆ ಉತ್ತರ ತೋಚುವುದಿಲ್ಲ.

ಉಸ್ತಾದನ ಈ ಜಾಣ್ಮೆಯಲ್ಲಿ ಮಂತ್ರವೇನೂ ಇಲ್ಲ. ಅನೇಕ ಕಾರುಗಳಲ್ಲಿ ಮೀಟರಿನ ಬೆಳಕು, ಹಿಂದಿನ ಕೆಂಪು ದೀಪ, ನಂಬರು ಫಲಕದ ದೀಪ, ಇವೆಲ್ಲ ಒಂದೇ ಸ್ವಿಚ್ಚಿನಿಂದ, ಬಹಳ ವೇಳೆ ಒಂದೇ ಫ್ಯೂಸಿನಿಂದ ಹೊರಡುತ್ತವೆ. ಒಂದೇ ಕೆರೆಯ ನೀರುಂಡ ಗದ್ದೆಗಳಂತೆ ತೂಬು ಮುಚ್ಚಿದರೆ ಎಲ್ಲವೂ ಒಣಗುತ್ತವೆ. ಚಾಲಕನ ಕಣ್ಣಿಗೆ ಬೀಳುವುದು ಎದುರಿನ ಕತ್ತಲೆಯಷ್ಟೇ; ಬೆನ್ನ ಹಿಂದಿನ ಕತ್ತಲೆ ಲಾರಿಯವನಿಗೆ ಮಾತ್ರ ಗೊತ್ತಾಗಬೇಕು, ಅದೂ ತಡವಾಗಿ. ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯಂತೆ ಹಿಂದಿನ ಕೆಂಪು ದೀಪವು 155 ಮೀಟರು ದೂರಕ್ಕೆ ಕಾಣಬೇಕು. ಗಂಟೆಗೆ ಅರವತ್ತು ಕಿಲೋಮೀಟರು ವೇಗದಲ್ಲಿ ಬರುವ ಲಾರಿಗೆ ಆ ದೂರವೆಂದರೆ ಒಂಬತ್ತು ಸೆಕೆಂಡುಗಳ ಸಾವಕಾಶ. ದೀಪವಿಲ್ಲದಿದ್ದರೆ ಲಾರಿಯ ದೀಪದ ಬೆಳಕೇ ಕಾರಿನ ಬೆನ್ನ ಮೇಲೆ ಬೀಳುವವರೆಗೆ ಕಾರು ಅಲ್ಲಿ ಇಲ್ಲವೇ ಇಲ್ಲ. ಎರಡು ವ್ಯಾಟ್ಟಿನ ಪುಟ್ಟ ದೀಪವು ಹತ್ತು ದಿನಗಳಿಂದ ಯಜಮಾನರಿಗೆ ಇದನ್ನೇ ಹೇಳುತ್ತಿತ್ತು.

ಆಮೇಲೆ ಉಸ್ತಾದ್ ಫ್ಯೂಸುಪೆಟ್ಟಿಗೆಯನ್ನು ತೆರೆಯುತ್ತಾನೆ. ಫ್ಯೂಸು ಸುಟ್ಟಿದೆ. ಹೊಸದನ್ನು ಹಾಕಿದರೆ ಅದೂ ಕ್ಷಣದಲ್ಲಿ ಸುಡುತ್ತದೆ. ಅವಿವೇಕಿಯಾದವನು ಇಲ್ಲಿ ಎರಡರಲ್ಲೊಂದು ತಪ್ಪು ಮಾಡುತ್ತಾನೆ. ಹತ್ತು ಆಂಪಿಯರಿನ ಕೆಂಪು ಫ್ಯೂಸಿನ ಜಾಗದಲ್ಲಿ ಮೂವತ್ತರ ಹಸಿರು ಫ್ಯೂಸನ್ನು ತುರುಕುವುದು ಒಂದು. ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಸುತ್ತಿ ಕೆಲಸ ಸಾಗಿಸುವುದು ಇನ್ನೊಂದು. ಫ್ಯೂಸು ಎಂದರೆ ಮನೆಯ ಕಾವಲುಗಾರ. ಕಳ್ಳ ಬಂದಾಗ ಕೂಗುತ್ತಾನೆಂದು ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳ ಓಡುವುದಿಲ್ಲ. ಆಗ ಸುಡುವುದು ಫ್ಯೂಸಲ್ಲ, ಫಲಕದ ಹಿಂದೆ ಕಣ್ಣಿಗೆ ಕಾಣದಂತೆ ಹರಿದಿರುವ ತಂತಿ. ಪ್ಲಾಸ್ಟಿಕ್ಕು ಕರಗುವ ವಾಸನೆ ಬರುವ ಹೊತ್ತಿಗೆ ಬಹಳ ವೇಳೆ ತಂತಿಯ ಕಟ್ಟೇ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಗುಜರಿಯ ಗುಡ್ಡೆಯಲ್ಲಿ ಹೀಗೆ ಸುಟ್ಟು ಕರಿಕಾದ ತಂತಿಯ ಜಡೆಗಳನ್ನು ಹುಡುಕುವುದೇ ಬೇಡ.

ಬಲ್ಲ ಉಸ್ತಾದ್ ಮಾಡುವುದು ಬೇರೆ. ಸುಟ್ಟ ಫ್ಯೂಸಿನ ಜಾಗಕ್ಕೆ ಮುಂದೀಪದ ಒಂದು ಹಳೆಯ ಬಲ್ಬನ್ನು ಜೋಡಿಸುತ್ತಾನೆ. ತಂತಿ ಎಲ್ಲೋ ಕಾರಿನ ಲೋಹಕ್ಕೆ ತಾಗಿ ‘ಷಾರ್ಟ್’ ಆಗಿದ್ದರೆ ಆ ಬಲ್ಬು ಪೂರ್ತಿ ಬೆಳಗುತ್ತದೆ. ಆದರೆ ಪ್ರವಾಹವು ಬಲ್ಬಿನ ಮಿತಿಯನ್ನು ಮೀರಲಾರದಾದ್ದರಿಂದ ಏನೂ ಸುಡುವುದಿಲ್ಲ. ಈಗ ಒಂದೊಂದೇ ಕವಲನ್ನು ಬಿಡಿಸುತ್ತಾ ಹೋಗುವುದು. ಮುಂದಿನ ಪಾರ್ಕಿಂಗ್ ದೀಪಗಳ ಜೋಡಣೆ ಬಿಡಿಸಿದ. ಬಲ್ಬು ಹಾಗೆಯೇ ಉರಿಯುತ್ತಿದೆ. ಡಿಕ್ಕಿಯ ಕಡೆಗೆ ಹೋಗುವ ತಂತಿಯನ್ನು ಬಿಡಿಸಿದ, ಇನ್ನೂ ಉರಿಯುತ್ತಿದೆ. ರೇಡಿಯೋ ಪೆಟ್ಟಿಗೆಯನ್ನು ಎಳೆದು ಅದರ ಹಿಂದಿನ ಒಂದು ತೆಳು ತಂತಿಯನ್ನು ಕಿತ್ತ. ಬಲ್ಬು ಫಕ್ಕನೆ ಮಂಕಾಯಿತು, ಹಿಂದೆ ಕೆಂಪು ದೀಪಗಳು ಹೊತ್ತಿಕೊಂಡವು. ಯಾರೋ ಹೊಸ ಹಾಡಿನ ಪೆಟ್ಟಿಗೆಯನ್ನು ಕೂರಿಸುವಾಗ ಅದರ ಗುಂಡಿಗಳು ರಾತ್ರಿ ಹೊಳೆಯಲೆಂದು ಮೀಟರಿನ ದೀಪದಿಂದ ತಂತಿಯನ್ನು ಕದ್ದು, ಅದನ್ನು ಲೋಹದ ಅಂಚಿಗೆ ಸಿಕ್ಕಿಸಿಬಿಟ್ಟಿದ್ದರು. ಹಾಡು ಕೇಳುವ ಆಸೆಗೆ ಬೆನ್ನಿನ ದೀಪ ಆರಿತು. ರೇಡಿಯೋ ನಿರಪರಾಧಿಯಾದ ಕಾರುಗಳಲ್ಲಿ ಅಪರಾಧಿ ಬಹುಮಟ್ಟಿಗೆ ಡಿಕ್ಕಿಯ ಮುಚ್ಚಳದ ಕೀಲಿನ ಬಳಿಯ ತಂತಿ. ಮುಚ್ಚಳ ಸಾವಿರ ಸಲ ತೆರೆದು ಮುಚ್ಚುವಾಗ ಅದೂ ಸಾವಿರ ಸಲ ಬಾಗಿ, ಮೈಮೇಲಿನ ರಬ್ಬರು ಸವೆದು ಬೆತ್ತಲಾಗಿರುತ್ತದೆ.

ಉಸ್ತಾದರ ಹಿಂದಿನ ತಲೆಮಾರು ಈ ವಿದ್ಯೆಯನ್ನು ಕಲಿತದ್ದು ಇಂಗ್ಲಿಷ್ ಕಾರುಗಳ ಮೇಲೆ. ಅಂಬಾಸಿಡರಿನ ಮೂಲ ಮಾರಿಸ್ ಆಕ್ಸ್‌ಫರ್ಡ್. 1950ರ ದಶಕದ ಕೊನೆಯಲ್ಲಿ ಅದು ಭಾರತಕ್ಕೆ ಬಂದಾಗ ಅದರ ವಿದ್ಯುತ್ ವ್ಯವಸ್ಥೆಯ ಪರಂಪರೆಯೂ ಜತೆಯಲ್ಲಿಯೇ ಬಂತು. ಅದು ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಯದು. ಮದರಾಸಿನಲ್ಲಿ ಲ್ಯೂಕಾಸ್ ಟಿ.ವಿ.ಎಸ್. ಸ್ಥಾಪನೆಯಾದದ್ದು 1961ರಲ್ಲಿ. ಇಂಗ್ಲೆಂಡಿನ ಕಾರು ಪ್ರಿಯರು ತಮಾಷೆಗಾಗಿ ಲ್ಯೂಕಾಸನಿಗೆ ‘ಕತ್ತಲೆಯ ರಾಜಕುಮಾರ’ ಎಂಬ ಬಿರುದು ಕೊಟ್ಟಿದ್ದರು. ಬಿರುದು ಏನೇ ಇರಲಿ, ಆ ಪದ್ಧತಿಯಲ್ಲಿ ಒಂದು ದೊಡ್ಡ ಉಪಕಾರವಿತ್ತು: ತಂತಿಯ ಬಣ್ಣವೇ ಅದರ ಭಾಷೆ. ಕಂದು ಬಣ್ಣವೆಂದರೆ ಬ್ಯಾಟರಿಯಿಂದ ನೇರವಾಗಿ ಬಂದ, ಸದಾ ಜೀವಂತವಾದ ತಂತಿ. ಬಿಳಿ ಎಂದರೆ ಕೀಲಿ ತಿರುಗಿಸಿದಾಗ ಜೀವ ಬರುವುದು. ಅದೇ ಫ್ಯೂಸನ್ನು ದಾಟಿ ಬಂದರೆ ಹಸಿರು. ಮುಂದೀಪಕ್ಕೆ ನೀಲಿ. ಹಿಂದಿನ ದೀಪಕ್ಕೆ ಕೆಂಪು. ಅದೇ ಕೆಂಪಿನ ಮೇಲೆ ಬಿಳಿಯ ಗೆರೆಯಿದ್ದರೆ ಅದು ಮೀಟರಿನ ದೀಪಕ್ಕೆ ಹೋಗುವ ತಂತಿ. ಕಪ್ಪು ಎಂದರೆ ‘ಅರ್ತ್’. ಇಂಗ್ಲಿಷಿನ ಒಂದಕ್ಷರವನ್ನೂ ಓದಲಾರದ ಹುಡುಗನೂ ಈ ಏಳೆಂಟು ಬಣ್ಣಗಳನ್ನು ಕಲಿತು ಬರ್ಮಿಂಗ್‌ಹ್ಯಾಮಿನ ಇಂಜಿನಿಯರನ ಮನಸ್ಸನ್ನು ಓದಬಲ್ಲವನಾಗಿದ್ದ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಮೂಲವೂ ಇಂಗ್ಲೆಂಡೇ. ಬೊಂಬಾಯಿಯ ಫಿಯೆಟ್ ಮಾತ್ರ ಇಟಲಿಯ ಸಂತಾನ. ಅದಕ್ಕೆ ಬೇರೆ ಪಾಠ ಕಲಿಯಬೇಕಾಗಿತ್ತು.

ಕಪ್ಪು ತಂತಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಉಸ್ತಾದರ ಅರ್ಧ ಕೀರ್ತಿ ಅದರಿಂದಲೇ ಬಂದದ್ದು. ಶಿವನಸಮುದ್ರದ ವಿದ್ಯುತ್ತಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ದೀಪ ಬೆಳಗಿದ ದಿನದಿಂದ ಮನೆಯ ದೀಪಕ್ಕೆ ಎರಡು ತಂತಿ ಎಂಬುದು ಎಲ್ಲರಿಗೂ ಗೊತ್ತು. ಕಾರಿನಲ್ಲಿ ಹಾಗಲ್ಲ. ಅಲ್ಲಿ ದೀಪಕ್ಕೆ ಹೋಗಲು ತಂತಿಯಿದೆ, ಹಿಂದಿರುಗಲು ಕಾರಿನ ಉಕ್ಕಿನ ಒಡಲೇ ದಾರಿ. ಆ ಒಡಲಿಗೆ ದೀಪವನ್ನು ಸೇರಿಸುವ ತಿರುಪಿನ ಬಳಿ ತುಕ್ಕು ಹಿಡಿದರೆ ಪ್ರವಾಹಕ್ಕೆ ಮನೆಗೆ ಮರಳುವ ದಾರಿ ಮುಚ್ಚುತ್ತದೆ. ಪ್ರವಾಹವು ಸುಮ್ಮನೆ ಕುಳಿತುಕೊಳ್ಳುವ ಜಾತಿಯದಲ್ಲ. ನೆರೆಮನೆಯ ಹಿತ್ತಿಲಿನಿಂದಾದರೂ ದಾಟಿ ಹೋಗುತ್ತದೆ. ಬ್ರೇಕು ಒತ್ತಿದರೆ ಮೀಟರಿನ ದೀಪ ಮಿಣುಕುವುದು, ಎಡಕ್ಕೆ ತಿರುಗುವ ಸಂಜ್ಞೆ ಕೊಟ್ಟರೆ ಹಿಂದಿನ ಕೆಂಪು ದೀಪವೂ ಕಣ್ಣು ಹೊಡೆಯುವುದು, ಇಂಥ ವಿಚಿತ್ರಗಳೆಲ್ಲ ಇದರಿಂದಲೇ. ಗಿರಾಕಿಗಳು ದೆವ್ವ ಹಿಡಿದ ಕಾರೆಂದು ಕೈಮುಗಿಯುತ್ತಾರೆ. ಉಸ್ತಾದ್ ಒಂದು ತುಂಡು ತಂತಿಯನ್ನು ಬ್ಯಾಟರಿಯ ಅರ್ತಿನಿಂದ ದೀಪದ ಮೈಗೆ ತಾಗಿಸಿ ನೋಡುತ್ತಾನೆ. ದೆವ್ವ ಬಿಟ್ಟಿತೆಂದರೆ ತಿರುಪು ಬಿಚ್ಚಿ, ಉಜ್ಜುಕಾಗದದಿಂದ ಲೋಹ ಹೊಳೆಯುವಂತೆ ತಿಕ್ಕಿ, ಮತ್ತೆ ಬಿಗಿಯುತ್ತಾನೆ. ಹತ್ತು ನಿಮಿಷದ ಕೆಲಸ. ‘ಹತ್ತು ನಿಮಿಷಕ್ಕೆ ಇಷ್ಟೊಂದು ಕೂಲಿಯೇ?’ ಎಂದು ಚೌಕಾಸಿ ಮಾಡುವ ಗಿರಾಕಿಗಳಿಗೆ ಆ ಹತ್ತು ನಿಮಿಷದ ಹಿಂದಿನ ಮೂವತ್ತು ವರ್ಷ ಕಾಣಿಸುವುದಿಲ್ಲ.

ಹಳೆಯ ಅಂಬಾಸಿಡರನ್ನು ಮಮತೆಯಿಂದ ಉಳಿಸಿಕೊಂಡವರಿಗೆ ಇನ್ನೆರಡು ಮಾತು. ಪೆಟ್ರೋಲಿನ ಮುಳ್ಳೂ ಕಾವಿನ ಮುಳ್ಳೂ ಒಟ್ಟಿಗೆ ಹುಚ್ಚು ಹಿಡಿದಂತೆ ಮೇಲೇರಿದರೆ ಎರಡು ಮೀಟರುಗಳೂ ಒಂದೇ ದಿನ ಕೆಟ್ಟವೆಂದು ನಂಬಬಾರದು. ಇಂಗ್ಲಿಷ್ ಮಾದರಿಯ ಅನೇಕ ಕಾರುಗಳಲ್ಲಿ ಇವೆರಡಕ್ಕೂ ಸಮನಾದ ವೋಲ್ಟೇಜನ್ನು ಹಂಚುವ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಂದು ಫಲಕದ ಹಿಂದಿರುತ್ತದೆ; ಅದರ ಅರ್ತ್ ಸಡಿಲವಾದರೆ ಎರಡೂ ಸುಳ್ಳು ಹೇಳುತ್ತವೆ. ಇನ್ನೊಂದು, ಚಾರ್ಜಿನ ಕೆಂಪು ದೀಪ. ಕೀಲಿ ತಿರುಗಿಸಿದಾಗ ಅದು ಹೊತ್ತಿ, ಇಂಜಿನ್ನು ಓಡತೊಡಗಿದ ಮೇಲೆ ಆರಬೇಕು. ಕೀಲಿ ತಿರುಗಿಸಿದಾಗಲೇ ಹೊತ್ತದಿದ್ದರೆ ‘ಸದ್ಯ, ಕೆಂಪು ದೀಪದ ಕಾಟವಿಲ್ಲ’ ಎಂದು ಹಿಗ್ಗುವವರುಂಟು. ಆಲ್ಟರ್ನೇಟರು ಇರುವ ಹಲವು ಕಾರುಗಳಲ್ಲಿ ಆ ಪುಟ್ಟ ಬಲ್ಬಿನ ಮೂಲಕ ಹರಿಯುವ ಪ್ರವಾಹವೇ ಆಲ್ಟರ್ನೇಟರನ್ನು ಎಬ್ಬಿಸುವುದು. ಬಲ್ಬು ಸುಟ್ಟರೆ ಅದು ಏಳುವುದೇ ಇಲ್ಲ. ಬ್ಯಾಟರಿಯಲ್ಲಿ ಇದ್ದಷ್ಟನ್ನು ಉಂಡು ಕಾರು ನಡುದಾರಿಯಲ್ಲಿ ನಿಲ್ಲುತ್ತದೆ.

ಈಗ ಸರಿಹೋದ ಕಾರಿನ ಹಿಂದೆಯೇ ಪೂರ್ವಕ್ಕೆ ಹೊರಡಬಹುದು. ಕಾಮರಾಜ ರಸ್ತೆಯನ್ನು ದಾಟಿ ಕೆರೆಯ ದಂಡೆ ಹಿಡಿದರೆ ಹಲಸೂರು. ಹಲಸಿನ ಮರಗಳು ಹೆಸರಿನಲ್ಲಿ ಉಳಿದಿವೆ. ಕೆರೆಯ ಮಗ್ಗುಲಿನಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯ ನೆಲೆ, ಒಳಬೀದಿಯಲ್ಲಿ ಸೋಮೇಶ್ವರನ ಗುಡಿಯ ಎತ್ತರವಾದ ಗೋಪುರ. ಗುಡಿಯ ಸಮೀಪದಲ್ಲಿ ಕಾರ್ ಸ್ಟ್ರೀಟ್ ಎಂಬ ಬೀದಿಯಿದೆ. ಹೆಸರು ನೋಡಿ ಮೋಟಾರು ಕಾರಿನ ಅಂಗಡಿಗಳನ್ನು ಹುಡುಕಿಕೊಂಡು ಹೋದವರು ಪೆಚ್ಚಾಗಬೇಕು. ಅದು ಸೋಮೇಶ್ವರನ ತೇರು ಎಳೆಯುವ ಬೀದಿ. ಇಂಗ್ಲಿಷರು ತೇರಿಗೂ ‘ಕಾರ್’ ಎಂದೇ ಬರೆದರು. ಆ ಕಾರಿಗೆ ಫ್ಯೂಸಿನ ಗೊಡವೆಯಿಲ್ಲ.

ಹಲಸೂರಿನಿಂದ ಮುಂದಕ್ಕೆ ಹಳೆಯ ಮದರಾಸು ರಸ್ತೆ. ಬಲಗಡೆಗೆ ಇಂದಿರಾನಗರ. 1970ರ ದಶಕದಲ್ಲಿ ಹೊಸ ಬಡಾವಣೆಯಾಗಿ ಮೂಡಿದ ಇಲ್ಲಿ ಮೊದಲಿಗೆ ನಿವೃತ್ತ ಸೇನಾಧಿಕಾರಿಗಳೂ ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳವರೂ ತೋಟದ ಮನೆಗಳನ್ನು ಕಟ್ಟಿಕೊಂಡರು; ಈಗ ನೂರಡಿ ರಸ್ತೆಯ ಎರಡೂ ಬದಿಗೆ ಅಂಗಡಿ, ಹೋಟೆಲುಗಳು. ರಾತ್ರಿ ಹತ್ತಾದರೂ ಹಗಲಿನಂತೆ ಬೆಳಕು. ಇಲ್ಲಿ ಹೊಸ ಕಾರುಗಳದೇ ರಾಜ್ಯಭಾರ. ಅವುಗಳ ಮೀಟರಿನಲ್ಲಿ ಬಲ್ಬೂ ಇಲ್ಲ, ಮುಳ್ಳೂ ಇಲ್ಲ; ಸಿನಿಮಾ ಪರದೆಯಂಥ ಒಂದು ಹಲಗೆ, ಅದರೊಳಗೆ ಎಲ್ಲವೂ ಚಿತ್ರ. ರೋಗ ಬಂದರೆ ಸೂಜಿಯ ಟೆಸ್ಟ್ ಲ್ಯಾಂಪು ಚುಚ್ಚುವಂತಿಲ್ಲ. ಸೂಕ್ಷ್ಮವಾದ ಗಣಕದ ಮಂಡಲಗಳು ಕೆಡಬಹುದು. ವರ್ಕ್‌ಷಾಪಿನಲ್ಲಿ ಸ್ಕ್ಯಾನರನ್ನು ಚಾಲಕನ ಕಾಲಬಳಿಯ ಕಿಂಡಿಗೆ ಜೋಡಿಸಿದರೆ ಕಾರು ತಾನೇ ತನ್ನ ರೋಗದ ಸಂಖ್ಯೆಯನ್ನು ಹೇಳುತ್ತದೆ. ಸಂಖ್ಯೆ ಹೇಳುತ್ತದೆಯೇ ಹೊರತು ತಿರುಪಿಗೆ ತುಕ್ಕು ಹಿಡಿದಿದೆಯೆಂದು ಹೇಳುವುದಿಲ್ಲ. ಆದಕಾರಣ ಹೊಸ ಕಾರುಗಳೂ ಎಷ್ಟೋ ಸಲ ಕೊನೆಗೆ ಶಿವಾಜಿನಗರದ ದಾರಿ ಹಿಡಿಯುತ್ತವೆ. ಅಲ್ಲಿನ ಕಿರಿಯ ಉಸ್ತಾದರ ಬೆಂಚಿನ ಮೇಲೂ ಈಗ ಟೆಸ್ಟ್ ಲ್ಯಾಂಪಿನ ಪಕ್ಕದಲ್ಲಿ ಸ್ಕ್ಯಾನರು ಕುಳಿತಿದೆ.

ಹೊಸ ಮೀಟರಿನಲ್ಲಿ ದೊಡ್ಡದೊಂದು ಅನುಕೂಲದ ಜತೆಗೆ ಅದಕ್ಕಿಂತ ದೊಡ್ಡದೊಂದು ಅಪಾಯವೂ ಬಂದಿದೆ. ಇದನ್ನು ಬಲ್ಲ ಮನೆಯವರು ಕಡಮೆ. ಹಳೆಯ ಕಾರಿನಲ್ಲಿ ದೀಪದ ಸ್ವಿಚ್ಚು ಹಾಕದಿದ್ದರೆ ಮೀಟರು ಕತ್ತಲು. ಚಾಲಕನಿಗೆ ಕೂಡಲೇ ನೆನಪಾಗುತ್ತಿತ್ತು. ಹೊಸ ಕಾರಿನಲ್ಲಿ ಕೀಲಿ ತಿರುಗಿಸಿದೊಡನೆ ಮೀಟರು ಝಗಝಗಿಸುತ್ತದೆ, ದೀಪ ಹಾಕಿರಲಿ ಬಿಡಲಿ. ಹಲವು ಕಾರುಗಳ ಮುಂದೆ ಹಗಲು ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ನೂರಡಿ ರಸ್ತೆಯ ಬೀದಿದೀಪಗಳ ಬೆಳಕಿನಲ್ಲಿ ದಾರಿ ಸ್ಪಷ್ಟವಾಗಿದೆ, ಎದುರಿಗೆ ಮೀಟರು ಬೆಳಗುತ್ತಿದೆ, ಮುಂದಿನ ಕಾರಿನ ಬೆನ್ನ ಮೇಲೂ ತನ್ನ ಬೆಳಕು ಬೀಳುತ್ತಿದೆ; ಇನ್ನೇನು ಬೇಕು? ಹಿಂದಿನ ಕೆಂಪು ದೀಪಗಳು ಮಾತ್ರ ಬಹಳಷ್ಟು ಮಾದರಿಗಳಲ್ಲಿ ಸ್ವಿಚ್ಚು ಹಾಕುವವರೆಗೆ ಉರಿಯುವುದಿಲ್ಲ. ರಾತ್ರಿ ಇಂದಿರಾನಗರದ ಮೆಟ್ರೋ ನಿಲ್ದಾಣದ ಕೆಳಗೆ ಅರ್ಧ ಗಂಟೆ ನಿಂತು ನೋಡಿದರೆ ಇಂಥ ಬೆನ್ನುಗತ್ತಲೆಯ ಕಾರುಗಳನ್ನು ಯಾರಾದರೂ ಎಣಿಸಬಹುದು. ಎಲ್ಲವೂ ಬೆಲೆಬಾಳುವ ಕಾರುಗಳು, ಯಾವುದರಲ್ಲಿಯೂ ಒಂದು ತಂತಿಯೂ ಕೆಟ್ಟಿಲ್ಲ.

ಇಂದಿರಾನಗರವನ್ನು ದಾಟಿದರೆ ಬೈಯಪ್ಪನಹಳ್ಳಿ. ಎಡಗಡೆಯ ವಿಶಾಲವಾದ ಮರಗಳ ನಡುವೆ ಎನ್.ಜಿ.ಇ.ಎಫ್. ಕಾರ್ಖಾನೆಯ ಅವಶೇಷ. ಜರ್ಮನಿಯ ಎ.ಇ.ಜಿ. ಸಂಸ್ಥೆಯ ಸಹಕಾರದಿಂದ ಟ್ರಾನ್ಸ್‌ಫಾರ್ಮರುಗಳನ್ನೂ ಮೋಟಾರುಗಳನ್ನೂ ತಯಾರಿಸುತ್ತಿದ್ದ ಈ ಸರ್ಕಾರಿ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿತು. ಇನ್ನೂ ಮುಂದೆ, ಕೃಷ್ಣರಾಜಪುರದ ಬಳಿ, 1948ರಲ್ಲಿ ಹುಟ್ಟಿದ ಐ.ಟಿ.ಐ. ದೂರವಾಣಿ ಕಾರ್ಖಾನೆ, ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ತಂತಿ, ಸುರುಳಿ, ಬೆಸುಗೆ, ಇವು ಈ ಪೂರ್ವಭಾಗದ ಎರಡು ತಲೆಮಾರುಗಳಿಗೆ ಅನ್ನ ಕೊಟ್ಟ ವಿದ್ಯೆ.

ಈ ಕಡೆಯ ಕಾರುಗಳಿಗೆ ಈಚಿನ ವರ್ಷಗಳಲ್ಲಿ ನೀರಿನ ರೋಗವೂ ಸೇರಿದೆ. 2022ರ ಸೆಪ್ಟೆಂಬರಿನ ಮೊದಲ ವಾರ ಮಹದೇವಪುರದ ಸುತ್ತಮುತ್ತ ಕೆರೆಗಳು ತುಂಬಿ ಹರಿದು ಬಡಾವಣೆಗಳೇ ಮುಳುಗಿದಾಗ ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರುಗಳು ಕಿಟಕಿಯವರೆಗೆ ನೀರಿನಲ್ಲಿದ್ದವು. ನೀರು ಇಳಿದ ಮೇಲೆ ಒಣಗಿಸಿ, ಎಣ್ಣೆ ಬದಲಿಸಿ ಓಡಿಸಿದವರಿಗೆ ಕಾರು ಬದುಕಿತೆಂದು ಸಂತೋಷ. ಇಂಥ ಕಾರಿನಲ್ಲಿ ಜಂಬಖಾನದ ಕೆಳಗೆ ಹರಿದ ತಂತಿಯ ಜೋಡಣೆಗಳೊಳಗೆ ಉಳಿದ ತೇವ ನಿಧಾನವಾಗಿ ತಾಮ್ರವನ್ನು ತಿಂದು ಹಸಿರು ಪುಡಿ ಮಾಡುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಮೀಟರಿನಲ್ಲಿ ಸಂಬಂಧವಿಲ್ಲದ ದೀಪಗಳು ಹೊತ್ತಿಕೊಳ್ಳುತ್ತವೆ. ಬಾಗಿಲು ಮುಚ್ಚಿದ್ದರೂ ತೆರೆದಿದೆಯೆನ್ನುತ್ತದೆ, ಗಾಳಿಚೀಲದ ದೀಪ ಆರುವುದೇ ಇಲ್ಲ. ಅಷ್ಟರೊಳಗೆ ಎಷ್ಟೋ ಕಾರುಗಳು ಕೈ ಬದಲಾಯಿಸಿರುತ್ತವೆ. ಹಳೆಯ ಕಾರು ಕೊಳ್ಳುವವರು ಬಣ್ಣವನ್ನು ತಟ್ಟಿ ನೋಡುವುದಕ್ಕಿಂತ ಚಾಲಕನ ಕಾಲಬಳಿಯ ಜಂಬಖಾನವನ್ನು ಎತ್ತಿ ಒಂದು ಜೋಡಣೆಯನ್ನು ಬಿಚ್ಚಿ ನೋಡುವುದು ಲೇಸು. ಹಸಿರು ಕಂಡರೆ ನಮಸ್ಕಾರ ಹೇಳಿ ಹಿಂದಿರುಗಬಹುದು.

ಟಿನ್ ಫ್ಯಾಕ್ಟರಿಯ ತಿರುವಿನಲ್ಲಿ ವಾಹನಗಳ ಜಾತ್ರೆ. ಉಕ್ಕಿನ ಹಗ್ಗಗಳು ಹಿಡಿದು ನಿಲ್ಲಿಸಿರುವ 2003ರ ಸೇತುವೆಯನ್ನು ಜನ ತೂಗುಸೇತುವೆ ಎಂದೇ ಕರೆಯುತ್ತಾರೆ; ಅದರ ಕೆಳಗೆ ರೈಲು, ಪಕ್ಕದಲ್ಲಿ 2023ರಲ್ಲಿ ಪೂರ್ಣಗೊಂಡ ಮೆಟ್ರೋ ಮಾರ್ಗ. ಸೇತುವೆಯನ್ನಿಳಿದರೆ ಕೃಷ್ಣರಾಜಪುರ. ಅಲ್ಲಿಂದ ಮುಂದೆ ಹೊಸಕೋಟೆ, ಕೋಲಾರ, ಮುಳಬಾಗಿಲು, ಆಚೆಗೆ ಮದರ‍ಾಸು. ನಗರದ ಬೆಳಕು ಹಿಂದೆ ಉಳಿದಂತೆ ರಸ್ತೆಯ ಒಡೆತನ ಕಾರುಗಳಿಂದ ಲಾರಿಗಳಿಗೆ ಹೋಗುತ್ತದೆ.

ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಎಲೆಕ್ಟ್ರಿಶಿಯನ್ನರಿದ್ದಾರೆ. ಶಿವಾಜಿನಗರದ ನಯಗಾರಿಕೆ ಇವರಲ್ಲಿಲ್ಲ. ಇಪ್ಪತ್ತನಾಲ್ಕು ವೋಲ್ಟಿನ ದಪ್ಪ ತಂತಿ, ದಪ್ಪ ಬಲ್ಬು, ಮಸಿ ಬಳಿದ ಕೈ. ಲಾರಿಯ ಹಿಂದಿನ ದೀಪಕ್ಕೆ ಇವರು ಮಾಡುವ ಪರೀಕ್ಷೆಗೆ ಟೆಸ್ಟ್ ಲ್ಯಾಂಪೂ ಬೇಡ, ಸಹಾಯಕನೂ ಬೇಡ. ಲಾರಿಯನ್ನು ಒಂದು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಪಾರ್ಕಿಂಗ್ ದೀಪ ಹಾಕಿ, ಕನ್ನಡಿಯಲ್ಲಿ ನೋಡುವುದು. ಗೋಡೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಕೆಂಪು ಮಚ್ಚೆ ಬಿದ್ದರೆ ಹೊರಡಬಹುದು. ಕೃಷ್ಣರಾಜಪುರದ ಯಜಮಾನರ ಮನೆಯಲ್ಲಿ ಅಂಥ ಗೋಡೆಯಿದೆ, ಕಾರು ಗೇಟಿನೊಳಗೆ ಹಿಂದಕ್ಕೆ ಸರಿದು ನಿಲ್ಲುವಾಗ ಹಿಂದಿನ ಸೀಟಿನ ಮಕ್ಕಳು ತಿರುಗಿ ಕುಳಿತು, “ಎರಡೂ ಬಂತು ಅಪ್ಪಾ!” ಎಂದು ಕೂಗುತ್ತಾರೆ.